ಬಲಗಡೆ ಶೆಡ್ಡಿನ ಕೋಳಿಗಳಿಗೂ ಒಂದು ಪಾಲು

ಅಯ್ಯೋ, ಏಳಬೇಡಿ ಡಾಕ್ಟರಮ್ಮ, ಏಳಬೇಡಿ! ಗ್ಲಾಸಿನ ಮುಚ್ಚಳ ಇನ್ನೂ ತೆಗೆದಿಲ್ಲ, ನಾನಿನ್ನೂ "ಕುಡಿಯಿರಿ" ಅಂತ ಅಂದೇ ಇಲ್ಲ. ಮನೆಯವನು ಅನ್ನುವ ಮೊದಲೇ ಚಹಾ ಮುಟ್ಟುವುದು, ಚಹಾ ಮುಟ್ಟದೆ ಎದ್ದು ಹೋಗುವುದು, ಎರಡೂ ನಮ್ಮಲ್ಲಿಲ್ಲ. ನೀವೂ ಈ ಜಾವಾದ ಮಣ್ಣಿನವರೇ, ನಿಮಗೆ ನಾನು ಹೇಳಿಕೊಡಬೇಕಾ? ಹೌದು, ಹೌದು, ಗಾಡಿ ಕಾಯುತ್ತಿದೆ, ಗೊತ್ತು. ನಿಮ್ಮ ಡ್ರೈವರಿಗೆ ಲಾಸ್ಮಿ ಬಾಳೆಹಣ್ಣು ಕರಿದು ಕೊಟ್ಟಿದ್ದಾಳೆ. ಈಗ ನೀವು ಕರೆದರೂ ಅವನು ಬರುವುದಿಲ್ಲ. ಕೂತುಕೊಳ್ಳಿ.

ಎಲ್ಲಿದ್ದೆ ನಾನು? ಹಾಂ, ಕಥೆ. ಈ ಕಥೆಯನ್ನು ನನಗೆ ಮೊದಲು ಹೇಳಿದವನು ನಮ್ಮ ಮಸೀದಿಯಲ್ಲಿ ನಗಾರಿ ಬಾರಿಸುವ ಮುದುಕ ಸುರಾತ್ಮಿನ್. ಅವನಿಗೆ ಹೇಳಿದ್ದು ಅವನ ಬೀಗರು. ಬೀಗರು ಇರುವುದು ಪ್ರೋಗೋ ನದಿಯ ಆಚೆ ದಡದಲ್ಲಿ. ಅಂದರೆ ಇದು ಆಚೆ ದಡದಲ್ಲಿ ನಡೆದ ಸಂಗತಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊಂದಲ ಬೇಡ. ಆಚೆ ದಡ.

ಯಾಕೆ ನಗುತ್ತೀರಿ? ನಾನಿನ್ನೂ ನಗುವ ಭಾಗಕ್ಕೆ ಬಂದಿಲ್ಲ.

ಆ ಕುರ್ಚಿ ಬೇಡ, ಈ ಕಡೆ ಕೂರಿ. ಅಲ್ಲಿ ಬೇಲಿಯಾಚೆಯಿಂದ ವಾಸನೆ ಬರುತ್ತದೆ. ಗೋಣಿಪಟ್ಟೆ ಕಟ್ಟಿಸಿದ್ದೆ, ಇವತ್ತಿನ ಗಾಳಿಗೆ ಕಿತ್ತುಹೋಗಿದೆ. ಅದಾ? ಅದು ನನ್ನ ಬಾಮೈದ, ಲಾಸ್ಮಿಯ ತಮ್ಮ ತುಕಿರಾನ್‌ನ ಶೆಡ್ಡು. ನನ್ನ ಮರಿಗಳು, ಅವನ ಮರಿಗಳು ಎಲ್ಲಾ ಒಂದೇ ಲಾರಿಯಲ್ಲಿ ಬಂದವು. ಒಂದೇ ಅಂಗಡಿಯ ಮೇವು, ಒಂದೇ ಬಾವಿಯ ನೀರು. ಈಗ ಅವನವು ನೋಡಿ, ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿವೆ. ನಿನ್ನೆಯೂ ಕೆಲವನ್ನು ಹೂಳಿದ. ದೇವರ ಇಚ್ಛೆ! ಅವನದು ಮೊದಲಿನಿಂದ ಅವಸರದ ಸ್ವಭಾವ, ಕೋಳಿಗಳಿಗೂ ಅದೇ ತಾಗಿರಬೇಕು, ಎಲ್ಲದಕ್ಕೂ ಮುಂದೆ ಓಡುತ್ತವೆ. ಇರಲಿ. ಅತ್ತ ನೋಡಬೇಡಿ. ಕಥೆ ಕೇಳಿ.

ಅದಕ್ಕೂ ಮೊದಲು ಒಂದು ಮಾತು. ನೀವು ಈಗ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅಂದಿರಲ್ಲ, ಅದು ನಿಜವಾ? ನಾಳೆ ಕಾಲೇಜಿನಲ್ಲಿ ಹಿರಿಯರ ಎದುರು ನಿಂತು, "ನನ್ನ ಪುಡಿಯಿಂದ ಪ್ರಯೋಜನ ಕಾಣಲಿಲ್ಲ, ಇದನ್ನು ಇಲ್ಲಿಗೆ ಬಿಡುತ್ತೇನೆ" ಅಂತ ಹೇಳುತ್ತೀರಾ? ಇಷ್ಟು ವರ್ಷ ಮಾಡಿದ ಕೆಲಸ? ಪುಡಿ ತಿಂದ ಎಡಗಡೆ ಶೆಡ್ಡೂ ಚೆನ್ನಾಗಿದೆ, ಪುಡಿ ತಿನ್ನದ ಬಲಗಡೆ ಶೆಡ್ಡೂ ಅಷ್ಟೇ ಚೆನ್ನಾಗಿದೆ, ಹಾಗಿದ್ದಮೇಲೆ ಪುಡಿ ಯಾಕೆ ಬೇಕು ಅಂತ ಅವರು ಕೇಳುತ್ತಾರೆ... ಹೌದು. ಕೇಳುತ್ತಾರೆ. ಕೇಳದೆ ಏನು ಮಾಡುತ್ತಾರೆ.

ಅಳುತ್ತಿದ್ದೀರಾ? ಇಲ್ಲವಾ? ಈರುಳ್ಳಿನಾ? ಲಾಸ್ಮೀ, ಈರುಳ್ಳಿ ಆಚೆ ಕೂತು ಹೆಚ್ಚಬಾರದಾ, ಮನೆಗೆ ದೊಡ್ಡವರು ಬಂದಿದ್ದಾರೆ!

ನೀವು ಮೊದಲ ಸಲ ಬಂದ ದಿನ ನೆನಪಿದೆ ನನಗೆ. ಇದೇ ಜಗಲಿ. ಸತ್ತ ಕೋಳಿಯನ್ನು ಬಾಳೆಲೆಯ ಮೇಲೆ ಮಲಗಿಸಿ, ಪುಟ್ಟ ಕತ್ತರಿಯಿಂದ ಕರುಳು ಸೀಳಿ, "ಅಣ್ಣಾ ನೋಡಿ, ಇದು ಒಳಗೆ ರೇಷ್ಮೆ ಥರ ನುಣುಪಾಗಿರಬೇಕು, ಇದು ಹಳೇ ಟವೆಲ್ ಥರ ಆಗಿದೆ" ಅಂದಿರಿ. ಕೆಟ್ಟ ಬ್ಯಾಕ್ಟೀರಿಯಾ ಕರುಳನ್ನು ಒಳಗಿನಿಂದಲೇ ಕೊಳೆಸುತ್ತದೆ, ಹೊರಗೆ ಗೊತ್ತಾಗುವಷ್ಟರಲ್ಲಿ ಕೋಳಿ ಮಕಾಡೆ ಮಲಗಿರುತ್ತದೆ ಅಂದಿರಿ. ಲಾಸ್ಮಿ ಅವತ್ತೇ ನನ್ನ ಹಳೇ ಟವೆಲ್ಲನ್ನು ಒಲೆಗೆ ಹಾಕಿದಳು. ಒಳ್ಳೇ ಟವೆಲ್ಲು ಅದು.

ಆಮೇಲೆ ಕರುಳಿಗೆ ಅಂಕ ಕೊಟ್ಟಿರಿ! ನಾಲ್ಕು ಬಂದರೆ ಪೂರಾ ಕೊಳೆತದ್ದು, ಸೊನ್ನೆ ಬಂದರೆ ಆರೋಗ್ಯದ ಕರುಳು. ನಾನು ಯೋಚಿಸಿದೆ, ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ನನಗೆ ವರ್ಷವಿಡೀ ಸೊನ್ನೆ ಕೊಡುತ್ತಿದ್ದರು. ಪಾಪ, ನಾನೇ ಅವರನ್ನು ತಪ್ಪು ತಿಳಿದಿದ್ದೆ. ಅವರು ನನ್ನ ಕರುಳು ನೋಡಿ ಕೊಟ್ಟಿರಬೇಕು.

ಈಗ ನಗಿ. ಇದು ನಗುವ ಭಾಗ.

ಸರಿ, ಕಥೆ. ಆಚೆ ದಡದಲ್ಲಿ ಒಬ್ಬ ಮನುಷ್ಯ. ಸಾಧು. ಐದು ಹೊತ್ತಿನ ನಮಾಜು ತಪ್ಪಿಸದವನು. ಓಣಿಯಲ್ಲಿ ಯಾರ ಮನೆಯಲ್ಲಿ ಕೆಂದುರಿ ಅಂತ ಓಣಿಗೆಲ್ಲಾ ಊಟ ಹಾಕಿದರೂ ಪ್ರಾರ್ಥನೆ ಮಾಡಿಸಲು ಅವನನ್ನೇ ಕರೆಯುತ್ತಾರೆ. ಮಾತು ಸ್ವಲ್ಪ ನಿಧಾನ ಅನ್ನುತ್ತಾರೆ, ಅವನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅನ್ನ ತಣ್ಣಗಾಗುತ್ತದೆ ಅನ್ನುತ್ತಾರೆ. ಜನ ಏನು ಬೇಕಾದರೂ ಅನ್ನುತ್ತಾರೆ. ನೋಡಲಿಕ್ಕೂ ಲಕ್ಷಣವಾಗಿದ್ದಾನೆ.

ಲಾಸ್ಮೀ, ಕೆಮ್ಮಿದ್ದರೆ ಶುಂಠಿ ಕುಡಿ!

ಆ ಮನುಷ್ಯನಿಗೆ ಎರಡು ಕೋಳಿ ಶೆಡ್ಡು. ಹೌದು, ಅವನಿಗೂ ಎರಡು. ಎರಡಿರುವುದೇನು ದೊಡ್ಡ ವಿಷಯ? ಅವನ ಹತ್ತಿರವೂ ಒಬ್ಬ ಕೋಳಿ ಡಾಕ್ಟರು ಬಂದರು. ಗಂಡಸು. ಮೀಸೆ ಇತ್ತು. ಅವರೂ ಒಂದು ಪುಡಿ ತಂದರು, ಅದರಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಒಣಗಿಸಿ ಇಟ್ಟಿದೆ, ಅದು ಕೋಳಿಯ ಹೊಟ್ಟೆಗೆ ಹೋಗಿ ಕೆಟ್ಟದ್ದನ್ನು ಓಡಿಸುತ್ತದೆ ಅಂದರು. ಎಡಗಡೆ ಶೆಡ್ಡಿಗೆ ಪುಡಿ ಬೆರೆಸಿದ ಮೇವು, ಬಲಗಡೆ ಶೆಡ್ಡಿಗೆ ಬರೀ ಮೇವು. "ಕೈ ತೊಳೆದುಕೊಂಡು ಬಲಗಡೆಗೆ ಹೋಗಿ, ಒಂದು ಕಣವೂ ಅತ್ತ ಹೋಗಬಾರದು" ಅಂದರು. ಅವನು ತಲೆಯಾಡಿಸಿದ. ದೊಡ್ಡವರ ಮುಂದೆ "ಆಗುವುದಿಲ್ಲ" ಅನ್ನುವುದು ನಮ್ಮಲ್ಲಿ ಎಲ್ಲಿದೆ? ತಲೆಯಾಡಿಸಿದ, ಅಷ್ಟೇ.

ಬೆಳಿಗ್ಗೆ ನಮಾಜು ಮುಗಿಸಿ ಎಡಗಡೆ ಶೆಡ್ಡಿನಲ್ಲಿ ಪುಡಿ ಬೆರೆಸುತ್ತಾನೆ. ಅದರ ವಾಸನೆ ಹೇಗೆ? ಮರಗೆಣಸನ್ನು ಹುಳಿಸಿ ಮಾಡುವ ತಪೆಯ ವಾಸನೆ. ಹಬ್ಬದ ವಾಸನೆ! ಎಡಗಡೆಯವು ಕುಣಿಯುತ್ತವೆ. ಆಮೇಲೆ ಕೈ ತೊಳೆದು ಬಲಗಡೆಗೆ ಹೋಗುತ್ತಾನೆ... ಡಾಕ್ಟರಮ್ಮ, ನೀವು ಕೋಳಿಯ ಒಳಗೆಲ್ಲಾ ನೋಡಿದ್ದೀರಿ. ಕೋಳಿ ನಿಮ್ಮನ್ನು ನೋಡುವುದನ್ನು ನೋಡಿದ್ದೀರಾ? ಎರಡು ಕಣ್ಣಿಂದ ನೋಡುವುದಿಲ್ಲ ಅದು. ಕತ್ತು ಓರೆ ಮಾಡಿ, ಒಂದೇ ಕಣ್ಣಿಂದ ನೋಡುತ್ತದೆ. ಒಂದು ಶೆಡ್ಡು ತುಂಬಾ ಕೋಳಿ, ಎಲ್ಲವೂ ಕತ್ತು ಓರೆ ಮಾಡಿಕೊಂಡು, ಒಂದೊಂದೇ ಕಣ್ಣು... "ನಾವೇನು ತಪ್ಪು ಮಾಡಿದ್ದೆವು?" ಅಂತ. ಅವನು ಮೇವಿನ ಬಕೆಟ್ಟು ಅಲ್ಲೇ ಇಟ್ಟು ಓಡಿಬಂದ.

ಆ ಶುಕ್ರವಾರವೇ ಮಸೀದಿಯಲ್ಲಿ ನ್ಯಾಯದ ಬಗ್ಗೆ ಉಪದೇಶ. ಇಬ್ಬರು ಹೆಂಡಿರಿದ್ದರೆ ಇಬ್ಬರಿಗೂ ಸಮ ತೂಗಬೇಕು, ಒಬ್ಬಳ ಕಡೆ ವಾಲಿದರೆ ಕೊನೆಯ ದಿನ ವಾಲಿಕೊಂಡೇ ಎದ್ದು ಬರಬೇಕು ಅಂತ. ಇವನಿಗೆ ಹೆಂಡತಿ ಒಬ್ಬಳೇ. ಆದರೆ ಶೆಡ್ಡು ಎರಡು! ಬೆವರು ಬಂತು. ಕೊನೆಯ ದಿನ ಬಲಗಡೆ ಶೆಡ್ಡಿನ ಕೋಳಿಗಳೆಲ್ಲಾ ಸಾಲಾಗಿ ನಿಂತು, ಕತ್ತು ಓರೆ ಮಾಡಿ ಸಾಕ್ಷಿ ಹೇಳಿದರೆ? "ಪ್ರಭುವೇ, ಇವನು ಎಡಗಡೆಯವರಿಗೆ ತಪೆ ಕೊಟ್ಟ, ನಮಗೆ ಕೊಡಲಿಲ್ಲ."

ನಗಬೇಡಿ. ಕೆಂದುರಿ ಊಟದ ಬುಟ್ಟಿ ಹಂಚುವುದನ್ನು ನೀವೂ ನೋಡಿದ್ದೀರಿ. ಒಂದು ಮನೆಯ ಬಿದಿರ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು, ಪಕ್ಕದ ಮನೆಯ ಬುಟ್ಟಿಯಲ್ಲಿ ಇಡದೆ ಹೋದರೆ ಏನಾಗುತ್ತದೆ? ಮೊಮ್ಮಕ್ಕಳ ಕಾಲದವರೆಗೂ ಆ ಮೊಟ್ಟೆಯ ಮಾತು ನಿಲ್ಲುವುದಿಲ್ಲ. ಮನೆಗೆ ಬಂದದ್ದನ್ನು ಎಲ್ಲರಿಗೂ ಸಮನಾಗಿ ಹಂಚುವುದು ಅಂತ ಹುಟ್ಟಿದಾಗಿನಿಂದ ಕಲಿತ ಕೈ ಅದು. ಆ ಕೈಗೆ ಹೋಗಿ "ಇವರಿಗೆ ಕೊಡು, ಅವರಿಗೆ ಕೊಡಬೇಡ" ಅಂದರೆ ಕೈ ಕೇಳುತ್ತದಾ?

ಕೇಳಲಿಲ್ಲ.

ಬಲಗಡೆಗೂ ಕೊಟ್ಟ.

...ಡಾಕ್ಟರಮ್ಮ? ನಗುತ್ತಿದ್ದಿರಲ್ಲ, ಯಾಕೆ ನಿಲ್ಲಿಸಿದಿರಿ? ಆಚೆ ದಡದ ಕಥೆ ಇದು.

ಪುಡಿ ಸಾಕಾಗಬೇಕಲ್ಲ ಅಂತೀರಾ? ಒಳ್ಳೇ ಪ್ರಶ್ನೆ. ಅವನೂ ಅದನ್ನೇ ಯೋಚಿಸಿದ. ವಾಸನೆ ತಪೆಯದ್ದು, ಅಂದಮೇಲೆ ತಪೆಯ ಹಾಗೆಯೇ ಹುಳಿ ಬರಬೇಕು ಅಂತ ತೌಡಿಗೆ ಬೆಲ್ಲದ ನೀರು ಚಿಮುಕಿಸಿ, ಪುಡಿ ಉದುರಿಸಿ, ಬಾಳೆಲೆ ಮುಚ್ಚಿ, ಅಡಿಗೆಮನೆಯ ಬೆಚ್ಚಗಿನ ಮೂಲೆಯಲ್ಲಿಟ್ಟ. ಬೆಳಿಗ್ಗೆ ನೋಡಿದರೆ ಉಬ್ಬಿ ಘಮ್ಮೆನ್ನುತ್ತಿದೆ! ಅದರಿಂದ ಒಂದು ಹಿಡಿ ತೆಗೆದು ಹೊಸ ತೌಡಿಗೆ ಹಾಕಿದ, ಅದೂ ಉಬ್ಬಿತು. ಎಷ್ಟು ಬೇಕಾದರೂ ಆಯಿತು! ಅವನ ಹೆಂಡತಿ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಉಪ್ಪು ಬೇಕು" ಅಂದಳು.

ಯಾಕೆ ಮುಂದಕ್ಕೆ ಬಾಗಿದಿರಿ? ಏನು, ಯಾವ ಬೆಲ್ಲವಾ? ಮಾಮೂಲಿ ತೆಂಗಿನ ಬೆಲ್ಲ. ನಾವು ಯಾವಾಗಲೂ ತರುವುದು... ಅವರು. ಅವರು ಯಾವಾಗಲೂ ತರುವುದು. ಆಚೆ ದಡದವರು.

ಹಾಗೇ ಓಣಿಗೆಲ್ಲಾ ಹಂಚಿದ. ಒಂದೊಂದು ಮನೆಗೆ ಒಂದೊಂದು ಬಾಳೆಲೆ ಪೊಟ್ಟಣ. ಸುರಾತ್ಮಿನ್ ಮುದುಕನ ನಾಟಿ ಕೋಳಿಗೂ ಒಂದು. ಆ ಹುಂಜ ಈಗ ನಗಾರಿಗಿಂತ ಮೊದಲು ಕೂಗಿ ಊರನ್ನೆಲ್ಲಾ ನಮಾಜಿಗೆ ಎಬ್ಬಿಸುತ್ತದೆ, ಮುದುಕನಿಗೆ ಅವಮಾನವಾಗಿದೆ. ಏನಂದಿರಿ? ಸುರಾತ್ಮಿನ್ ಈಚೆ ದಡದವನಲ್ಲವಾ ಅಂತಲಾ? ಅವನು... ಅವನು ಬೀಗರ ಮನೆಗೆ ಹೋಗುವಾಗ ಕೋಳಿಯನ್ನೂ ಕರೆದುಕೊಂಡು ಹೋಗುತ್ತಾನೆ.

ಹೀಗೆ ಎರಡೂ ಶೆಡ್ಡಿನ ಕೋಳಿ ಉಕ್ಕಿ ಬೆಳೆದವು. ಮೀಸೆಯ ಡಾಕ್ಟರು ಬಂದು ಎರಡನ್ನೂ ತೂಗಿ, ಎರಡೂ ಕಡೆಯ ಕರುಳು ಸೀಳಿ, ಎರಡಕ್ಕೂ ಸೊನ್ನೆ ಕೊಟ್ಟು, ತಲೆ ಮೇಲೆ ಕೈ ಹೊತ್ತು ಕೂತರು. "ವ್ಯತ್ಯಾಸವೇ ಇಲ್ಲ" ಅಂದರು. ಆ ಮನುಷ್ಯ ಸಂತೋಷದಿಂದ, "ಅಲ್ಹಮ್ದುಲಿಲ್ಲಾ, ಇಲ್ಲವೇ ಇಲ್ಲ" ಅಂದ. ಅವನು ಹೊಗಳಿಕೆ ಅಂದುಕೊಂಡಿದ್ದ. ಆ ವ್ಯತ್ಯಾಸಕ್ಕೇ ಅವರು ಬಂದದ್ದು ಅಂತ ಅವನಿಗೆ ತಿಳಿದದ್ದು ಇವತ್ತು... ಆಗ. ಆಗ ತಿಳಿಯಿತು. ಅವರು ಚಪ್ಪಲಿ ಬಿಡುತ್ತಾ ಅಂದ ಮಾತಿನಿಂದ.

...

ಹೀಗೆ ಸುಮ್ಮನೆ ಕತ್ತು ಓರೆ ಮಾಡಿ ನೋಡಬೇಡಿ, ನೀವು ಸಹ ಬಲಗಡೆ ಶೆಡ್ಡಿನವರ ಹಾಗೆ ನೋಡಿದರೆ ನನ್ನಿಂದ ಆಗುವುದಿಲ್ಲ.

ಸರಿ. ಆಚೆ ದಡ ಅಲ್ಲ. ಈಚೆ ದಡ.

ಮೀಸೆಯೂ ಇರಲಿಲ್ಲ.

ಬೈಯಿರಿ. ಬೈಯುವುದಿಲ್ಲವಾ? ಓದಿದವರ ಕಷ್ಟವೇ ಇದು, ಬೈದರೆ ಮುಗಿದುಹೋಗುತ್ತದೆ, ನೀವು ಬೈಯುವುದಿಲ್ಲ. ಆದರೆ ಯೋಚಿಸಿ, ಒಳ್ಳೇ ಸುದ್ದಿಯೇ ಅಲ್ಲವಾ ಇದು? ನಿಮ್ಮ ಪುಡಿ ಕೆಲಸ ಮಾಡಿದೆ! ಎರಡೂ ಕಡೆ ಮಾಡಿದೆ! ನಾಳೆ ಹೋಗಿ ಹಾಗೇ ಹೇಳಿ. "ಕಸ್ಮಿಜಾನ್ ಅನ್ನುವ ದೈವಭಕ್ತ ರೈತ ಎರಡು ಶೆಡ್ಡಿಗೂ ಕೊಟ್ಟ, ಎರಡೂ ಚೆನ್ನಾದವು" ಅನ್ನಿ. ನಂಬುವುದಿಲ್ಲವಾ? ಯಾಕೆ? ಈ ಸಲ ರೋಗವೇ ಬಂದಿರಲಿಲ್ಲ ಅಂದುಬಿಡುತ್ತಾರಾ? ಹೂಂ... ಪುಡಿ ಮುಟ್ಟದ ಒಂದು ಶೆಡ್ಡು ಇದ್ದು, ಅದಕ್ಕೆ ರೋಗ ಬಂದಿದ್ದರೆ ಮಾತ್ರ... ಅದೇ ಮರಿ, ಅದೇ ಮೇವು, ಅದೇ ನೀರು... ಹೂಂ.

ಅಂಥದ್ದು ಇಲ್ಲಿ ಎಲ್ಲಿ ಸಿಗಬೇಕು? ನಾನು ನ್ಯಾಯವಾಗಿ ಹಂಚಿದವನು. ಓಣಿಯಲ್ಲಿ ಒಂದು ಮನೆ ಬಿಡಲಿಲ್ಲ. ಒಂದೂ! ನೀವು ಮನೆಮನೆಗೆ ಹೋಗಿ ಕೇಳಿ, ಎಲ್ಲರೂ "ಬಂತು" ಅನ್ನುತ್ತಾರೆ. ನಾನು ಆಣೆ ಇಟ್ಟು... ಬೇಡ, ಆಣೆ ಇಡಬಾರದು. ಆದರೆ ಎಲ್ಲರಿಗೂ ಕೊಟ್ಟೆ.

ಯಾಕೆ ಅತ್ತ ನೋಡುತ್ತಿದ್ದೀರಿ?

ಅಲ್ಲಿ ಏನೂ ಇಲ್ಲ ಡಾಕ್ಟರಮ್ಮ. ಬೇಲಿ. ಬೇಲಿಯಾಚೆ ಬೇಲಿ.

ಲಾಸ್ಮೀ, ಆ ಗೋಣಿಪಟ್ಟೆ ಎತ್ತಿ ಕಟ್ಟು! ಏನು, ಕೈಯಲ್ಲಿ ಈರುಳ್ಳಿನಾ? ಇಷ್ಟು ಹೊತ್ತು ಈರುಳ್ಳಿನಾ?

...

ಡಾಕ್ಟರಮ್ಮ, ಚಹಾ ಕುಡಿಯುತ್ತಿದ್ದೀರಿ. ನಾನಿನ್ನೂ ಕುಡಿಯಿರಿ ಅಂದಿಲ್ಲ. ...ಪೂರ್ತಿ ಕುಡಿದಿರಿ. ಕುಡಿಯುತ್ತಾ ಅತ್ತಲೇ ನೋಡುತ್ತಿದ್ದೀರಿ.

ಅವನು ಆಮೀನ್ ಅಂದ!

ಹೌದು! ಅವನಿಗೆ ಮಾತ್ರ ಕೊಡಲಿಲ್ಲ! ಮಾವನವರ ನೂರನೇ ದಿನದ ಕೆಂದುರಿ, ಊರೆಲ್ಲಾ ಕೂತಿದೆ, ನಾನು ಪ್ರಾರ್ಥನೆ ಹೇಳುತ್ತಿದ್ದೇನೆ. ಇನ್ನೂ ಸತ್ತವರ ಆತ್ಮಕ್ಕೆ ಶಾಂತಿಯ ಮಾತೇ ನಡೆಯುತ್ತಿತ್ತು, ಬದುಕಿರುವವರು, ಊರು, ಹೊಲ, ಮಳೆ, ಜ್ವಾಲಾಮುಖಿ ಬೆಟ್ಟದ ಹೊಗೆ, ಎಲ್ಲಾ ಬಾಕಿ ಇತ್ತು. ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದೆ. ಒಂದೇ ಉಸಿರು! ಆ ತುಕಿರಾನ್ ಗಟ್ಟಿಯಾಗಿ "ಆಮೀಈಈನ್" ಅಂದುಬಿಟ್ಟ. ಊರೆಲ್ಲಾ ಆಮೀನ್ ಅಂತ ಮುಖ ಸವರಿಕೊಂಡು ಅನ್ನಕ್ಕೆ ಕೈ ಹಾಕಿತು! ನಾನು ಕೈ ಎತ್ತಿಕೊಂಡು ಹಾಗೇ ಕೂತಿದ್ದೆ. ಬಾಯಲ್ಲಿ ಮಳೆ ಇತ್ತು, ಹೊಲ ಇತ್ತು... ಯಾರಿಗೂ ಬೇಡ. ಅವನು ಕೋಳಿ ಕಾಲು ಕಡಿಯುತ್ತಾ ನನ್ನನ್ನು ನೋಡಿ ನಕ್ಕ.

ನಕ್ಕ ಡಾಕ್ಟರಮ್ಮ!

ಅವತ್ತಿನಿಂದ ಮಾತಿಲ್ಲ. ಪೊಟ್ಟಣ ಹಂಚುವಾಗ ಅವನ ಬಾಗಿಲಿನವರೆಗೆ ಹೋದೆ, ನಿಜವಾಗಿ ಹೋದೆ. ಒಳಗಿಂದ ಅವನು ಮಗನಿಗೆ ಹೇಳುತ್ತಿದ್ದ, "ಬೇಗ ಉಣ್ಣು, ನಿನ್ನ ಮಾವ ಬಂದು ಪ್ರಾರ್ಥನೆ ಶುರು ಮಾಡಿಯಾನು" ಅಂತ. ವಾಪಸು ಬಂದೆ. ಗೋಣಿಪಟ್ಟೆ ಕಟ್ಟಿಸಿದ್ದು ವಾಸನೆಗಲ್ಲ. ಅವನ ಕೋಳಿಗಳು ಕತ್ತು ಓರೆ ಮಾಡಿ ನೋಡುವುದು ಕಾಣದಿರಲಿ ಅಂತ. ಆಯಿತಾ? ಈಗ ಎಲ್ಲಾ ಹೊರಗೆ ಬಂತಾ? ನನ್ನ ಕರುಳಿಗೆ ಎಷ್ಟು ಅಂಕ ಕೊಡುತ್ತೀರಿ ಈಗ? ನಾಲ್ಕು ಕೊಟ್ಟುಬಿಡಿ. ಒಳಗೆಲ್ಲಾ ಹಳೇ ಟವೆಲ್ಲು.

ಡಾಕ್ಟರಮ್ಮ... ನಗುತ್ತಿದ್ದೀರಾ? ಅಳುತ್ತಿದ್ದೀರಾ? ಎರಡೂನಾ? ಏನು ಸಂತೋಷ ನಿಮಗೆ? ನಾನು ಇಷ್ಟು ಕೆಟ್ಟವನಾದದ್ದಕ್ಕಾ?

ಅಯ್ಯೋ, ಬ್ಯಾಗು ತೆಗೆದುಕೊಂಡು ಎಲ್ಲಿಗೆ? ಗಾಡಿ ಈ ಕಡೆ ಇದೆ! ಕತ್ತರಿ ಯಾಕೆ? ...ಓ. ಓಹೋ. ಪುಡಿ ಮುಟ್ಟದ ಶೆಡ್ಡು. ಅದೇ ಮರಿ, ಅದೇ ಮೇವು, ಅದೇ ನೀರು. ಓಹೋ! ಅಂದರೆ ನನ್ನ ನ್ಯಾಯ ನಿಮ್ಮ ಕೆಲಸ ಕೆಡಿಸಿತು, ನನ್ನ ಜಗಳ ಉಳಿಸಿತು ಅಂತಾಯಿತು. ಇದನ್ನು ಶುಕ್ರವಾರ ಯಾರಿಗೂ ಹೇಳಬಾರದು, ಉಪದೇಶ ಮಾಡುವವರ ಗತಿ ಏನಾಗಬೇಕು? ಇಷ್ಟೇ ಸಾಲದು, ಇನ್ನೊಮ್ಮೆ ಸರಿಯಾಗಿ ಮಾಡಬೇಕಾ? ಮಾಡೋಣ. ಮುಂದಿನ ಸಲ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಬಲಗಡೆಗೆ ಕಳಿಸಿ. ಆದರೆ ನಾಳೆ "ಬಿಡುತ್ತೇನೆ" ಅನ್ನುವುದಿಲ್ಲ ತಾನೆ? ಅಷ್ಟು ಹೇಳಿ ಹೋಗಿ. ...ತಲೆಯಾಡಿಸಿದಿರಿ. ಅದು ನಾನು ತಲೆಯಾಡಿಸುವ ಥರ ಅಲ್ಲ ತಾನೆ?

ಒಂದು ನಿಮಿಷ. ಈ ಡಬ್ಬಿ ತೆಗೆದುಕೊಳ್ಳಿ. ನಿನ್ನೆ ಉಬ್ಬಿದ್ದು. ನೀವು ನೋಡುವುದೆಲ್ಲಾ ನೋಡಿ ಆದ ಮೇಲೆ, ಆದ ಮೇಲೆ ಮಾತ್ರ, ಇದನ್ನು ಆ ಅವಸರದವನಿಗೆ ಕೊಟ್ಟುಬಿಡಿ. ಉಳಿದಷ್ಟಾದರೂ ಉಳಿಯಲಿ. ನಾನು ಕೊಟ್ಟೆ ಅನ್ನಬೇಡಿ. ಯಾಕೆ ಮೊದಲೇ ಕೊಡಲಿಲ್ಲ ಅಂತ ಕೇಳಿದರೆ, ನಿಮ್ಮ ಭಾವನೇ ವಿಜ್ಞಾನಕ್ಕೋಸ್ಕರ ತಡೆದಿದ್ದರು ಅನ್ನಿ.

ಹೋಗುವ ಮುಂಚೆ ಕೈ ಎತ್ತಿ, ಚಿಕ್ಕದೊಂದು ಪ್ರಾರ್ಥನೆ. ಚಿಕ್ಕದು. ಹೇ ಪ್ರಭುವೇ, ಈ ಹೆಣ್ಣುಮಗಳ ನಾಳೆಯ ದಿನ ಸುಲಭ ಮಾಡು, ಅವಳ ಪುಡಿಗೆ ಬರಕತ್ತು ಕೊಡು, ಅವಳ ಎದುರು ಕೂರುವ ಹಿರಿಯರ ಮನಸ್ಸನ್ನು ಮೆತ್ತಗೆ ಮಾಡು, ಕರುಳಿರುವ ಎಲ್ಲಾ ಜೀವಿಗಳ ಕರುಳನ್ನೂ...

ಕೇಳಿಸಿತಾ? ಕೇಳಿಸಿತಾ ನಿಮಗೆ, ಬೇಲಿಯಾಚೆಯಿಂದ? ಇಷ್ಟು ಹೊತ್ತೂ ಅಲ್ಲೇ ನಿಂತು ಕೇಳುತ್ತಿದ್ದ! ಲಾಸ್ಮೀ, ನೀನು ನಗಬೇಡ! ಡಾಕ್ಟರಮ್ಮ, ನೀವೂ ಮುಖ ಸವರಿಕೊಂಡುಬಿಟ್ಟಿರಾ?

ಹೋಗಿ. ಹೋಗಿ ಬನ್ನಿ, ದೇವರು ಒಳ್ಳೆಯದು ಮಾಡಲಿ. ನಾಳೆ ಕಾಲೇಜಿನಲ್ಲಿ ಈ ಕಥೆ ಹೇಳಿ, ಅವರು ಅವರ ಮಕ್ಕಳಿಗೆ ಹೇಳಲಿ, ಆಚೆ ದಡದವರಿಗೂ ಮುಟ್ಟಲಿ. ನನ್ನ ಹೆಸರು ಸೇರಿಸಿಯೇ ಹೇಳಿ, ಅಡ್ಡಿಯಿಲ್ಲ. ಆದರೆ ಪೂರ್ತಿ ಹೇಳಿ ಡಾಕ್ಟರಮ್ಮ, ನಿಧಾನವಾಗಿ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಯಾರಿಗೂ ಆಮೀನ್ ಅನ್ನಲು ಬಿಡಬೇಡಿ.